ಶ್ರೀಕಾರದ ಮುಂದಿನ ಹೆಸರು

ಕಾಶಪ್ಪ ಬೇಡವೆನ್ನುವಷ್ಟರಲ್ಲಿ ವಾರಿಜಾಳ ಬೆರಳು ಎಂಟರ್ ಗುಂಡಿಯನ್ನು ಒತ್ತಿಬಿಟ್ಟಿತ್ತು.

ಹಸಿರು ಅಕ್ಷರಗಳು ಒಂದು ಕ್ಷಣ ಮಾಯವಾದವು. ಆಮೇಲೆ ಕಪ್ಪು ಪರದೆಯ ನಡುವೆ ಇಂಗ್ಲಿಷಿನಲ್ಲಿ ಎರಡು ಸಾಲು ಮೂಡಿದವು. ಕೀಲಿಪದ ತಪ್ಪು. ಉಳಿದಿರುವುದು ಒಂದೇ ಅವಕಾಶ.

ಕೌಸಲ್ಯಾ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ಮೊದಲ ಸಲ ಹಾಕಿದ್ದು ಅವಳ ಹೆಸರು. ಈಗ ಹಾಕಿದ್ದು ಮದುವೆಯ ತಾರೀಖು. ಎರಡೂ ಅಲ್ಲ. ಮೂರನೆಯದೂ ತಪ್ಪಿದರೆ ಫೈಲು ತನ್ನನ್ನು ತಾನೇ ಅಳಿಸಿಕೊಂಡು, ಅಕ್ಷರವಿದ್ದಲ್ಲೆಲ್ಲ ಸೊನ್ನೆ ತುಂಬಿಕೊಳ್ಳುತ್ತದೆ. ಹಾಗೆಂದು ಬರೆದಿಟ್ಟವನು ಅವಳ ಗಂಡನೇ.

ಆ ಗಂಡ, ಸತ್ಯಮೂರ್ತಿ, ಬಾಂದ್ರಾಕ್ಕೆ ಹೋಗಿಬರುತ್ತೇನೆಂದು ಮನೆ ಬಿಟ್ಟು ಇಂದಿಗೆ ಒಂಬತ್ತು ದಿನ.

ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೇ ಮಹಡಿಯಲ್ಲಿ ಅವನದೊಂದು ಒಂಟಿ ಕೋಣೆಯ ಆಫೀಸು. 'ಕವಚ' ಎಂಬ ಬರೆಯುವ ಪ್ರೋಗ್ರಾಮನ್ನು ಅವನು ಕಟ್ಟಿದ್ದು ಇಲ್ಲಿಯೇ. ಪತ್ರ ಟೈಪು ಮಾಡುತ್ತಿದ್ದಂತೆಯೇ ಅದಕ್ಕೆ ಬೀಗ ಹಾಕುವ ಪ್ರೋಗ್ರಾಮು ಅದು. ವಕೀಲರು ಕೊಂಡರು, ಬಿಲ್ಡರುಗಳು ಕೊಂಡರು. ಗುಟ್ಟು ಇದ್ದವರೆಲ್ಲ ಕೊಂಡರು.

ಶುಕ್ರವಾರ ಆ ಎಸ್ಟೇಟಿಗೆ ವಾರದ ರಜೆ. ಕೆಳಗಿನ ಪ್ಲಾಸ್ಟಿಕ್ ಮಷೀನುಗಳು ಸುಮ್ಮನಿದ್ದವು. ಮಾರ್ಚಿನ ಬಿಸಿಲು ಶಟರಿನ ಕೆಳಗಿನಿಂದ ಒಂದು ಗೆರೆಯಾಗಿ ಒಳಗೆ ಬಂದಿತ್ತು. ಯಾರಾದರೂ ಹೊರಗೆ ಬಂದು ನಿಂತರೆ ಆ ಗೆರೆ ತುಂಡಾಗುತ್ತದೆ. ಕಾಶಪ್ಪ ಅರ್ಧ ಕಣ್ಣನ್ನು ಅಲ್ಲೇ ಇಟ್ಟಿದ್ದರು.

ಮನೆ ಬಿಟ್ಟ ಆ ಬುಧವಾರ ಊಟ ಬೇಡವೆಂದು ಸತ್ಯಮೂರ್ತಿ ಬಿಟ್ಟುಹೋಗಿದ್ದ ಡಬ್ಬಿಯ ಚೀಲವನ್ನು ಕೌಸಲ್ಯಾ ಈ ದಿನ ಬೆಳಿಗ್ಗೆ ಒಗೆಯಲು ತೆಗೆದಿದ್ದಳು. ಅದರ ತಳದ ರಟ್ಟಿನಡಿ ಈ ಫ್ಲಾಪಿ ಸಿಕ್ಕಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಈ ಆಫೀಸಿಗೇ ಫೋನು ಬಂತು. ಫ್ಲಾಪಿ ಸಿಕ್ಕ ಸಂಗತಿ ಆ ಹೊತ್ತಿಗಾಗಲೇ ಆ ದನಿಗೆ ತಿಳಿದಿತ್ತು. ಸಂಜೆ ಆರಕ್ಕೆ ಅದನ್ನು ಬಾಂದ್ರಾ ಸ್ಟೇಷನ್ನಿಗೆ ತರಬೇಕು, ಪೊಲೀಸರ ನೆರಳು ಕಂಡರೂ ಸತ್ಯಮೂರ್ತಿಯನ್ನು ಹುಡುಕುವ ಶ್ರಮ ಬೇಡ ಎಂದು ಅದು ಹಿಂದಿಯಲ್ಲಿ, ತುಂಬ ಮರ್ಯಾದೆಯಿಂದ ಹೇಳಿತ್ತು.

ಅದನ್ನು ಕೊಡುವ ಮುಂಚೆ ಅದರಲ್ಲೇನಿದೆ ಎಂದು ತಿಳಿಯಬೇಕಿತ್ತು. ಈಗ ಮೂರೂಕಾಲು.

"ಇನ್ನೊಂದು ಸಲ ಇದೆಯಲ್ಲ ಅಕ್ಕ," ಎಂದ ಕಿಟ್ಟು. "ಭಾವನ ಹುಟ್ಟಿದ ತಾರೀಖು ಹಾಕಿಸು. ಅದೇ ಇರುತ್ತೆ."

ಕಿಟ್ಟು ಕೌಸಲ್ಯಾಳ ತಮ್ಮ. ಇಪ್ಪತ್ತೊಂಬತ್ತರ ಸಣಕಲು ಆಸಾಮಿ. ಬೈಕುಲ್ಲಾದ ಒಬ್ಬ ಬಿಲ್ಡರನ ಆಫೀಸಿನಲ್ಲಿ ಗುಮಾಸ್ತ. ತಾಯಿ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ. ಅಂದಿನಿಂದ ಅವನಿಗೆ ತಲೆ ಬಾಚಿದವಳು, ಮೈಸೂರಿನಿಂದ ಇಲ್ಲಿಗೆ ಕರೆಸಿಕೊಂಡು ತನ್ನ ಮನೆಯಲ್ಲೇ ಇಟ್ಟುಕೊಂಡವಳು ಕೌಸಲ್ಯಾ. ಮಧ್ಯಾಹ್ನದಿಂದ ಅವನು ಇದೇ ಮಾತನ್ನು ನಾಲ್ಕು ಸಲ ಹೇಳಿದ್ದ. ವಾರಿಜಾ ತಡವರಿಸಿದಾಗ, ಕೀಲಿಪದದ ಚೌಕ ಮತ್ತೆ ತೆರೆಯಲು ಎಫ್ ಏಳು ಗುಂಡಿ ಒತ್ತು ಎಂದು ಹೇಳಿದವನೂ ಅವನೇ.

ಕಾಶಪ್ಪ ಅದನ್ನು ಕೇಳಿಸಿಕೊಂಡರು. ಮೂವತ್ತೊಂದು ವರ್ಷ ತಂತಿ ಕಚೇರಿಯಲ್ಲಿ ಕೂತು ದೂರದ ಊರಿನ ಟಕಟಕವನ್ನು ಮಾತಾಗಿಸಿದ ಕಿವಿ ಅದು. ಧಾರವಾಡದ ಕಡೆಯ ಮನುಷ್ಯ. ನಿವೃತ್ತಿಯ ಮೇಲೆ ಬೈಕುಲ್ಲಾದಲ್ಲಿ ಒಂದು ಲೇತ್ ಅಂಗಡಿಯ ಮೇಲಿನ ಕೋಣೆ ಹಿಡಿದು, ಕಳೆದುಹೋದವರನ್ನು ಹುಡುಕಿಕೊಡುವ ಕೆಲಸಕ್ಕೆ ಇಳಿದಿದ್ದರು. ಹೋದ ಶನಿವಾರ ಕೌಸಲ್ಯಾ ಅವರನ್ನು ಹುಡುಕಿಕೊಂಡು ಹೋಗಿದ್ದಳು.

ಅವರು ವಾರಿಜಾಳನ್ನು ಕೇಳಿದರು: ಫ್ಲಾಪಿಯನ್ನು ಪ್ರತಿ ಮಾಡಿಟ್ಟುಕೊಳ್ಳಲು ಆಗದೇ? ಆಗುವುದಿಲ್ಲ ಎಂದಳು ವಾರಿಜಾ. ಉಡುಪಿ ಕಡೆಯ ಹುಡುಗಿ, ಇಲ್ಲಿ ಎರಡು ವರ್ಷದಿಂದ ಟೈಪು ಮಾಡುವವಳು. ಪ್ರತಿ ಮಾಡಿದ ಫ್ಲಾಪಿಯನ್ನು ಕವಚ ತೆರೆಯುವುದೇ ಇಲ್ಲ, ಸರ್ ಹಾಗೆ ಕಟ್ಟಿದ್ದಾರೆ.

"ಆದ್ರೆ ಕವಚದ ಒಳಗೆ ಹೋಗದೆಯೂ ನೋಡ್ಲಿಕ್ಕೆ ಆಗ್ತದೆ," ಎಂದಳು ಅವಳು. "ಅಕ್ಷರ ಬರುದಿಲ್ಲ. ಬರೀ ನಂಬರು. ಒಂದು ಹಾಳೆಯಷ್ಟು ತೆಗೀಲಾ?"

ಕಿಟ್ಟು ಅದರಿಂದ ಏನು ಪ್ರಯೋಜನ ಎಂದ. ತೆಗೆಯವ್ವಾ ಎಂದರು ಕಾಶಪ್ಪ.

ಪ್ರಿಂಟರು ಕಿರುಚುತ್ತಾ ಒಂದು ಹಾಳೆ ಉಗುಳಿತು. ಸಾಲುಸಾಲು ಸಂಖ್ಯೆಗಳು. ಅದನ್ನು ಮೇಜಿನ ಮೇಲೆ ಹರವಿ ಕಾಶಪ್ಪ ಪೆನ್ಸಿಲು ತೆಗೆದರು. ಈ ಬೀಗ ಹೇಗೆ ಕೂರುತ್ತದೆ ಎಂದು ಕೇಳಿ ತಿಳಿದುಕೊಂಡರು. ಒಂದು ಸಾಲಿನಲ್ಲಿ ಪತ್ರ. ಅದರ ಕೆಳಗೆ ಕೀಲಿಪದ, ಮುಗಿದಂತೆಲ್ಲ ಮತ್ತೆ ಮೊದಲಿನಿಂದ. ಒಂದೊಂದು ಅಕ್ಷರಕ್ಕೂ ಒಂದು ಸಂಖ್ಯೆ. ಮೇಲಿನದಕ್ಕೆ ಕೆಳಗಿನದನ್ನು ಕೂಡಿಸಿದರೆ ಬಂದದ್ದೇ ಫ್ಲಾಪಿಯಲ್ಲಿರುವುದು.

ಕಾಶಪ್ಪ ತಲೆಯೆತ್ತಿದರು. ಹಿಂದೆ ಹತ್ತಿ ವ್ಯಾಪಾರಿಗಳು ಕಳಿಸುತ್ತಿದ್ದ ಗುಟ್ಟಿನ ತಂತಿಗಳೂ ಹೀಗೇ ಇರುತ್ತಿದ್ದವು.

"ಹಂಗಾದ್ರ ಕೀಲಿ ಯಾಕ ಬೇಕ್ರಿ? ಪತ್ರದ ಮೊದಲನೇ ಸಾಲು ಗೊತ್ತಿದ್ರ ಸಾಕು. ಕೂಡಿಸಿದ್ದರಾಗ ಅದನ್ನ ಕಳದ್ರ, ಉಳಿಯೂದ ಕೀಲಿ."

"ಮೊದಲನೇ ಸಾಲು ಯಾರಿಗೆ ಗೊತ್ತಿರತ್ತೆ ಕಾಶಪ್ಪನವರೇ?" ಎಂದ ಕಿಟ್ಟು.

ಕೌಸಲ್ಯಾಳಿಗೆ ಗೊತ್ತಿತ್ತು. ಹಳೇ ಮೈಸೂರಿನ ಮನೆಗಳಲ್ಲಿ ಕಾಗದದ ನೆತ್ತಿಯ ಮೇಲೆ ಮನೆದೇವರ ಹೆಸರು ಬರೆಯದೆ ಯಾರೂ ಒಂದಕ್ಷರ ಮುಂದೆ ಹೋಗುವುದಿಲ್ಲ. ಇನ್‌ಲ್ಯಾಂಡ್ ಪತ್ರವಾಗಲಿ, ದಿನಸಿಯ ಚೀಟಿಯಾಗಲಿ. ಅವಳ ಗಂಡ ಕಂಪ್ಯೂಟರಿನಲ್ಲೂ ಹಾಗೆಯೇ. ಅದಕ್ಕೆ ಕನ್ನಡ ಬಾರದು, ಆದ್ದರಿಂದ ಇಂಗ್ಲಿಷ್ ಅಕ್ಷರದಲ್ಲೇ ದೇವರನ್ನು ಬರೆಯುತ್ತಿದ್ದ. ವಾರಿಜಾ ಅವನ ಐದಾರು ಫೈಲುಗಳನ್ನು ತೆರೆದು ತೋರಿಸಿದಳು. ಎಲ್ಲದರ ತಲೆಯಲ್ಲೂ ಒಂದೇ ಸಾಲು: ಶ್ರೀ ನರಸಿಂಹ ಪ್ರಸನ್ನ.

ಕಾಶಪ್ಪ ಕಳೆಯತೊಡಗಿದರು. ಹಾಳೆಯ ಮೊದಲ ಸಂಖ್ಯೆ ನೂರ ಅರವತ್ತೈದು. ಶ್ರೀಯ ಮೊದಲಕ್ಷರ ಎಸ್‌ಗೆ ಎಂಬತ್ತಮೂರು. ಉಳಿದದ್ದು ಎಂಬತ್ತೆರಡು. ವಾರಿಜಾ ಅಕ್ಷರಗಳ ಸಂಖ್ಯೆಯ ಪಟ್ಟಿಯಿದ್ದ ಕಂಪ್ಯೂಟರ್ ಪುಸ್ತಕ ನೋಡಿ ಆರ್ ಎಂದಳು. ಎರಡನೆಯದು ಎ. ಮೂರನೆಯದು ಎಂ. ನಾಲ್ಕನೆಯದು ಮತ್ತೆ ಎ.

ರಾಮ.

ಕೌಸಲ್ಯಾ ಅರಿವಿಲ್ಲದೆ ಕೈ ಮುಗಿದಳು. ಒಂಬತ್ತು ದಿನಗಳಲ್ಲಿ ಮೊದಲ ಸಲ ಅವಳ ಉಸಿರು ಹೊಟ್ಟೆಯ ತನಕ ಹೋಯಿತು.

ಐದನೆಯದು ಯು ಬಂತು. ಆರನೆಯದು ಇ. ಆಮೇಲೆ ಜೆ, ಆಮೇಲೆ ಎಸ್. ಒಂಬತ್ತನೆಯದು ಅಕ್ಷರವೇ ಅಲ್ಲ, ಯಾವುದೋ ಚಿಹ್ನೆ. ಕಾಶಪ್ಪ ಮತ್ತೆ ಮೊದಲಿನಿಂದ ಕಳೆದರು. ಅದೇ ಬಂತು.

ತಪ್ಪು ದಾರಿ ಅಂತ ನಾನು ಮೊದಲೇ ಹೇಳಿದೆ ಎಂದ ಕಿಟ್ಟು. ನಾಲ್ಕೂ ಹತ್ತಾಯಿತು. ಆ ಮೂರನೇ ಅವಕಾಶವನ್ನು ಉಪಯೋಗಿಸಿ ನೋಡಿ ಸ್ಟೇಷನ್ನಿಗೆ ಹೊರಡೋಣ, ತಡವಾದರೆ ಭಾವನ ಜೀವಕ್ಕೆ ಯಾರು ಹೊಣೆ ಎಂದ. ಅವನ ಮೇಲ್ದುಟಿ ಬೆವರಿತ್ತು. ಆ ಸೆಖೆಯಲ್ಲಿ ಎಲ್ಲರೂ ಬೆವರುತ್ತಿದ್ದರು.

ಕಾಶಪ್ಪ ಹಾಳೆಯಿಂದ ಕಣ್ಣೆತ್ತಲಿಲ್ಲ. ತಪ್ಪು ಎಲ್ಲಿಂದ ಶುರುವಾಯಿತು ಎಂಬುದನ್ನೇ ನೋಡುತ್ತಿದ್ದರು. ಗಮಕಿಯೊಬ್ಬ ಪದ್ಯ ಹಾಡುವಾಗ ಎಡವಿದರೆ, ಎಡವಿದ ಜಾಗವನ್ನು ಕೇಳುವವನ ಕಿವಿ ಹಿಡಿದುಕೊಳ್ಳುತ್ತದೆ. ಅಲ್ಲಿಯವರೆಗಿನದು ಸರಿಯಿತ್ತು ಎಂದೇ ಅದರ ಅರ್ಥ. ಶ್ರೀ ಎಂಬಲ್ಲಿಯ ತನಕ ಸರಿಯಾಗಿದೆ. ಅದರ ಮುಂದಿನ ಖಾಲಿ ಜಾಗ, ಅದೂ ಸರಿ. ಆಮೇಲಿನ ದೇವರ ಹೆಸರಿನಲ್ಲಿ ಕೆಟ್ಟಿದೆ.

ಅಂದರೆ ಬರೆದವನು ಶ್ರೀಕಾರ ಹಾಕಿಯೇ ಬರೆದಿದ್ದಾನೆ. ಆದರೆ ಅವನ ಮನೆದೇವರು ನರಸಿಂಹನಲ್ಲ.

ಅಂದರೆ ಬರೆದವನು ಸತ್ಯಮೂರ್ತಿಯಲ್ಲ.

ಇಂಥ ತಲೆಬರಹ ಹಾಕುವವರು ಈ ಪರದೆಯ ಸುತ್ತ ಎಷ್ಟು ಜನ ಇದ್ದಾರೆ ಎಂದು ಕಾಶಪ್ಪ ಎಣಿಸಲಿಲ್ಲ. ಎಣಿಸುವ ಅಗತ್ಯವಿರಲಿಲ್ಲ. ದನಿಯನ್ನು ಆದಷ್ಟು ಸಪ್ಪೆ ಮಾಡಿಕೊಂಡು, ಹೊತ್ತು ಕಳೆಯಲು ಕೇಳುವವರ ಹಾಗೆ ಕೇಳಿದರು.

"ತಂಗೀ, ನಿನ್ನ ತವರುಮನಿಯಿಂದ ಕಾಗದ ಬರ್ತಿದ್ವಲ್ಲಾ, ಅದರ ಮ್ಯಾಲೆ ಏನ ಬರೀತಿದ್ರವಾ?"

"ಶ್ರೀ ವೆಂಕಟರಮಣ ಪ್ರಸನ್ನ," ಎಂದಳು ಕೌಸಲ್ಯಾ. ಹೇಳಿದ ಮೇಲೆ ಯಾಕೆ ಕೇಳಿದಿರಿ ಎಂಬಂತೆ ನೋಡಿದಳು.

ಕಿಟ್ಟು ಒಂದು ಹೆಜ್ಜೆ ಮುಂದೆ ಬಂದ. ಕಾಶಪ್ಪನವರ ಪೆನ್ಸಿಲು ಅದಾಗಲೇ ಓಡುತ್ತಿತ್ತು.

ಐದನೆಯದು ಎಂ. ಆರನೆಯದು ಎ. ಏಳನೆಯದು ಎನ್. ವಾರಿಜಾ ಒಂದೊಂದನ್ನೇ ಮೆಲ್ಲಗೆ ಓದುತ್ತಿದ್ದಳು. ಎಂಟನೆಯದು ಐ. ಒಂಬತ್ತನೆಯದು ಮತ್ತೆ ಆರ್. ಮತ್ತೆ ಎ. ಮತ್ತೆ ಎಂ. ಅದೇ ಎಂಟು ಅಕ್ಷರ ಮೂರು ಸಲ ಸುತ್ತಿ ಬಂತು.

ವಾರಿಜಾ ಅದನ್ನು ಕೂಡಿಸಿ ಓದಿದಳು. "ರಮಾಮಣಿ. ಯಾರು ಇವರು?"

ಕೌಸಲ್ಯಾ ಕುರ್ಚಿಯ ಬೆನ್ನನ್ನು ಬಿಟ್ಟಳು. ಅವಳ ಮುಖದಲ್ಲಿದ್ದದ್ದು ಆಶ್ಚರ್ಯವಲ್ಲ. ಕತ್ತಲೆಯ ಮೆಟ್ಟಿಲಿನಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟವರ ಮುಖ ಅದು.

"ನಮ್ಮಮ್ಮ," ಎಂದಳು.

ಹೊರಗೆ ಯಾರೋ ನಡೆದುಹೋದರು. ಶಟರಿನಡಿಯ ಬಿಸಿಲಿನ ಗೆರೆ ಕಡಿದು ಮತ್ತೆ ಕೂಡಿತು. ವಾಚ್‌ಮನ್ ಇರಬಹುದು. ಇಲ್ಲದೆಯೂ ಇರಬಹುದು.

"ಕಿಟ್ಟು ಅವರ," ಎಂದರು ಕಾಶಪ್ಪ. "ಕಂಪ್ಯೂಟರ್ ಮುಟ್ಟಿಲ್ಲ ಅಂತ ನೀವು ಹೋದ ಶನಿವಾರ ನನ್ನ ಮುಂದ ಹೇಳಿದ್ರಿ. ಎಫ್ ಏಳು ಒತ್ತು ಅಂತ ಈ ಹುಡಿಗಿಗೆ ಇವತ್ತು ಹೇಳಿಕೊಟ್ಟವರು ನೀವ."

"ಅದು ಭಾವ ಮಾಡೋದನ್ನ ನೋಡಿದ್ದೆ."

"ಮೂರನೇ ಸಲ ಹಾಕ್ರಿ, ಹಾಕ್ರಿ ಅಂತ ಜೀವಾ ತಿಂದ್ರಿ. ನಿಮಗ ಫೈಲು ತೆಗೀಬೇಕಾಗಿರ್ಲಿಲ್ಲ. ಅಳಿಸಬೇಕಾಗಿತ್ತು. ಫ್ಲಾಪಿ ಸಿಕ್ಕದ್ದು ಮುಂಜಾನೆ. ನಿಮ್ಮಕ್ಕ ಅದನ್ನ ಹೇಳಿದ್ದು ನನಗ, ನಿಮಗ. ನಾ ಯಾರಿಗೂ ಫೋನ್ ಮಾಡಿಲ್ಲ. ಈ ಹುಡಿಗಿಗೆ ಗೊತ್ತಾದದ್ದು ಆ ಫೋನ್ ಬಂದ ಮ್ಯಾಲೆ."

ಕಿಟ್ಟು ಅಕ್ಕನ ಕಡೆ ತಿರುಗಿದ. ನಗಲು ನೋಡಿದ. ಈ ಯಜಮಾನರಿಗೆ ಬಿಸಿಲು ತಾಗಿದೆ, ಅಮ್ಮನ ಹೆಸರು ಭಾವನಿಗೂ ಗೊತ್ತಿತ್ತಲ್ಲ, ಅವರೇ ಯಾಕೆ ಇಟ್ಟಿರಬಾರದು ಎಂದ.

ಕೌಸಲ್ಯಾ ವಾರಿಜಾಳನ್ನು ಎಬ್ಬಿಸಿ ತಾನೇ ಕುರ್ಚಿಯಲ್ಲಿ ಕೂತಳು. ಅವಳಿಗೆ ಟೈಪು ಬಾರದು. ಒಂದೇ ಬೆರಳಿನಿಂದ, ಹುಡುಕಿ ಹುಡುಕಿ, ಕೊನೆಯ ಅವಕಾಶದ ಚೌಕದಲ್ಲಿ ತಾಯಿಯ ಹೆಸರನ್ನು ಹೊಡೆದಳು. ಎಂಟರ್ ಒತ್ತುವ ಮುಂಚೆ ಕಣ್ಣು ಮುಚ್ಚಿದಳು.

ಡ್ರೈವು ಗುರುಗುಟ್ಟಿತು. ಪರದೆ ತುಂಬಿತು.

ತಲೆಯಲ್ಲಿ ಶ್ರೀ ವೆಂಕಟರಮಣ ಪ್ರಸನ್ನ. ಕೆಳಗೆ ಇಂಗ್ಲಿಷಿನಲ್ಲಿ ಒಬ್ಬ ಬಿಲ್ಡರ್ 'ಶೇಠ್'ಗೆ ಬರೆದ ಪತ್ರ. ಬೈಕುಲ್ಲಾದ ಒಂದು ಚಾಳು, ಹದಿನಾಲ್ಕು ಮನೆಯ ವಠಾರ. ಮನೆ ಬಿಡಲು ಒಪ್ಪಿದ್ದೇವೆ ಎಂಬ ಹದಿನಾಲ್ಕು ಹೆಬ್ಬೆಟ್ಟುಗಳನ್ನೂ ತಾನೇ ಒತ್ತಿರುವುದಾಗಿ ಬರೆದವನು ಹೇಳಿಕೊಂಡಿದ್ದ. ಆ ಮನೆಯವರಲ್ಲಿ ಇಬ್ಬರು ಒಪ್ಪಿಗೆಯ ತಾರೀಖಿಗೆ ಮೊದಲೇ ಸತ್ತಿದ್ದರು ಎಂಬುದು ಆಮೇಲೆ ತಿಳಿಯಿತು ಎಂದಿದ್ದ. ಆಫೀಸಿಗೆ ಕವಚ ಹಾಕಿಕೊಡಲು ಬಂದ ತನ್ನ ಭಾವ ಆ ಹೆಬ್ಬೆಟ್ಟುಗಳ ಪಟ್ಟಿಯನ್ನು ನೋಡಿಬಿಟ್ಟಿದ್ದಾನೆ, ಹೇಳಿದರೆ ಕೇಳುವ ಮನುಷ್ಯನಲ್ಲ ಎಂದಿದ್ದ.

ಕೊನೆಯ ಸಾಲುಗಳನ್ನು ಕಾಶಪ್ಪ ಎರಡು ಸಲ ಓದಿದರು. ಹದಿಮೂರನೇ ತಾರೀಖು ಬುಧವಾರ ಬಾಂದ್ರಾದಲ್ಲಿ ವಕೀಲರನ್ನು ಕಾಣಲು ಹೋಗುತ್ತಾನೆ. ಒಂಬತ್ತು ಹನ್ನೆರಡರ ಲೋಕಲ್ ರೈಲು. ಮುಂದಿನಿಂದ ಮೂರನೇ ಬೋಗಿ. ತಿಳಿನೀಲಿ ಅಂಗಿ.

"ಆ ಅಂಗಿಗೆ ಇಸ್ತ್ರಿ ಮಾಡಿದ್ದು ನಾನು," ಎಂದಳು ಕೌಸಲ್ಯಾ. ಅವಳ ದನಿ ಏರಲಿಲ್ಲ. "ಸೋಮವಾರ ರಾತ್ರಿಯೇ, ಬುಧವಾರಕ್ಕೆ ಅಂತ. ನೀನು ಅಲ್ಲೇ ಕೂತು ನೋಡ್ತಿದ್ದೆ."

ಕಿಟ್ಟು ಗೋಡೆಗೆ ಒರಗಿದವನು ಹಾಗೆಯೇ ಜಾರಿ ನೆಲದ ಮೇಲೆ ಕೂತ. ಮಾತು ಒಮ್ಮೆಲೇ ಹೊರಬಿತ್ತು. ಶೇಠ್‌ಗೆ ಕೊಡಲೆಂದು ಬರೆದ ಫ್ಲಾಪಿ ಮಂಗಳವಾರ ತನ್ನ ಚೀಲದಿಂದ ಕಾಣೆಯಾಯಿತು. ಭಾವನೇ ತೆಗೆದು ಬಚ್ಚಿಟ್ಟಿದ್ದಾನೆ ಎಂದು ಗೊತ್ತಾಯಿತು. ಚಾಳಿನ ಪಟ್ಟಿ ಅದರಲ್ಲಿದೆ ಎಂದು ತೆಗೆದಿರಬೇಕು. ಮನೆಯಲ್ಲಿ ಕಂಪ್ಯೂಟರು ಇಲ್ಲ, ಅವನಿಗೆ ಓದಲಾಗಲಿಲ್ಲ. ಅದರಲ್ಲಿದ್ದದ್ದನ್ನು ತಾನು ಬಾಯಿಮಾತಿನಲ್ಲಿ ಶೇಠ್‌ಗೆ ಹೇಳಿದೆ.

"ಒಂದು ದಿನ ಕೂರಿಸಿ, ಹೆದರಿಸಿ ಕಳಿಸ್ತೀವಿ ಅಂದ್ರು ಅಕ್ಕ. ಕೈ ಮಾಡಲ್ಲ ಅಂತ ಮಾತು ಕೊಟ್ಟಿದ್ರು. ಎಲ್ಲಿಟ್ಟಿದ್ದಾರೆ ಅಂತ ನನಗೂ ಹೇಳ್ತಾ ಇಲ್ಲ. ನಿನ್ನಾಣೆ."

"ದೇವರ ಹೆಸರು ಬರದು ಇದನ್ನ ಬರದೀಯಲ್ಲೋ," ಎಂದರು ಕಾಶಪ್ಪ. ಅವರ ದನಿಯಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚಾಗಿತ್ತು.

ಕಿಟ್ಟು ತನ್ನ ಬಲಗೈಯನ್ನು ನೋಡಿಕೊಂಡ. ಆ ಹೆಸರನ್ನು ತಾನು ಬರೆಯಬೇಕೆಂದು ಬರೆಯಲಿಲ್ಲ, ಕೈ ತಾನೇ ಬರೆಯಿತು ಎಂದ.

ಕಾಶಪ್ಪ ಮುಂದಿನದನ್ನು ಯೋಚಿಸುತ್ತಿದ್ದರು. ಓದಿದ್ದೇವೆ ಎಂದು ತಿಳಿದರೆ ಶೇಠನ ಕಡೆಯವರು ಸತ್ಯಮೂರ್ತಿಯನ್ನು ಜೀವಸಹಿತ ಬಿಡುವುದಿಲ್ಲ. ಅಳಿದುಹೋಯಿತು ಎನ್ನಬೇಕು. ಅದನ್ನು ಅವರು ಕೌಸಲ್ಯಾಳಿಗೆ ಹೇಳುತ್ತಿದ್ದಂತೆಯೇ ಮೇಜಿನ ಮೇಲಿನ ಕಪ್ಪು ಫೋನು ಬಡಿದುಕೊಂಡಿತು.

ವಾರಿಜಾ ಚೀರಲಿಲ್ಲ, ಆದರೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಾಲ್ಕನೆಯ ಬಡಿತಕ್ಕೆ ಕೌಸಲ್ಯಾ ರಿಸೀವರ್ ಎತ್ತಿದಳು.

ಮಧ್ಯಾಹ್ನದ ದನಿಯೇ. ಬೆಹೆನ್‌ಜಿ ಎಂದೇ ಕರೆಯಿತು. ಫೈಲು ತೆರೆಯಿತೇ ಎಂದು ಕೇಳಿತು.

ಕೌಸಲ್ಯಾ ಎದುರಿನ ಪರದೆಯನ್ನು ನೋಡಿದಳು. ತಿಳಿನೀಲಿ ಅಂಗಿ ಎಂಬ ಸಾಲಿನ ಕೊನೆಯಲ್ಲಿ ಹಸಿರು ಚುಕ್ಕೆ ಮಿಟುಕುತ್ತಿತ್ತು. ಇಲ್ಲ ಎಂದಳು. ಮೂರು ಸಲವೂ ತಪ್ಪಿತು, ಎಲ್ಲ ಅಳಿದುಹೋಯಿತು, ಖಾಲಿ ಫ್ಲಾಪಿ ಉಳಿದಿದೆ ಎಂದಳು.

ಆ ತುದಿಯಲ್ಲಿ ಲೋಕಲ್ ಹಾದುಹೋದ ಸದ್ದು. ಅದರ ನಡುವೆ ಇನ್ನೊಂದು ದನಿ, ಅವಳೊಡನೆ ಅಲ್ಲ, ಬೇರೆ ಯಾರನ್ನೋ, ಪಾನಿ ಎಂದು ನೀರು ಕೇಳಿತು. ಇನ್ನೊಮ್ಮೆ ಕೇಳಿತು. ಅದು ಅವಳ ಗಂಡನ ದನಿ.

ಅವಳು ರಿಸೀವರನ್ನು ಕಿವಿಗೆ ಒತ್ತಿಕೊಂಡಳು.

ಒಳ್ಳೆಯದಾಯಿತು ಎಂದಿತು ಮೊದಲಿನ ದನಿ. ಕಾಗದವಿಲ್ಲದ ಮೇಲೆ ನಿಮ್ಮ ಯಜಮಾನರು ಏನು ಹೇಳಿದರೂ ಬರೀ ಮಾತು, ಅವರಿಂದ ನಮಗೆ ತೊಂದರೆಯಿಲ್ಲ, ಕರೆದುಕೊಂಡು ಹೋಗಿ. ಆದರೆ ಆ ಹೆಬ್ಬೆಟ್ಟುಗಳನ್ನು ಒತ್ತಿದ ಕೈಯೊಂದು ಇನ್ನೂ ಹೊರಗಿದೆ. ಈಗ ಉಳಿದಿರುವ ಸಾಕ್ಷಿ ನಿಮ್ಮ ತಮ್ಮ. ಆರು ಗಂಟೆಗೆ ಬಾಂದ್ರಾ ಸ್ಟೇಷನ್ನಿನ ಪೂರ್ವದ ಸೇತುವೆ. ಅವನು ಮುಂದೆ ನಡೆದು ಬರಲಿ. ಅವನು ನಮ್ಮ ಕಡೆ ಬಂದ ಮೇಲೆ ನಿಮ್ಮ ಯಜಮಾನರು ನಿಮ್ಮ ಕಡೆ ಬರುತ್ತಾರೆ. ಅವನು ಬರದಿದ್ದರೆ ಯಾರೂ ಬರುವುದಿಲ್ಲ.

"ಸಮಝ್ ಗಯೀ ನಾ, ಬೆಹೆನ್‌ಜಿ?"

"ಹಾಂ," ಎಂದಳು ಕೌಸಲ್ಯಾ.

ರಿಸೀವರನ್ನು ಇಟ್ಟ ಮೇಲೂ ಅವಳ ಕೈ ಅದರ ಮೇಲೆಯೇ ಇತ್ತು. ಕಾಶಪ್ಪ ಏನಂದರು ಎಂದು ಕೇಳಿದರು. ಅವಳು ಅವರ ಕಡೆ ನೋಡಲಿಲ್ಲ. ನೆಲದ ಮೇಲೆ ಮೊಣಕಾಲು ತಬ್ಬಿಕೊಂಡು ಕೂತಿದ್ದ ತಮ್ಮನ ಹತ್ತಿರ ಹೋಗಿ ಅವನ ಎದುರು ಕುಕ್ಕರಗಾಲಲ್ಲಿ ಕೂತಳು. ಹಣೆಗೆ ಅಂಟಿದ್ದ ಕೂದಲನ್ನು ಬೆರಳಿನಿಂದ ಹಿಂದಕ್ಕೆ ತಳ್ಳಿದಳು.

"ಏಳು ಕಿಟ್ಟು. ಬಿಡ್ತಾರಂತೆ. ಭಾವನಿಗೆ ನಡೆಯೋಕೆ ಆಗ್ತಿಲ್ಲವಂತೆ ಕಣೋ, ಕೈ ಹಿಡಿದು ಕರಕೊಂಡು ಬರೋಕೆ ಗಂಡಸು ಯಾರಾದ್ರೂ ಬೇಕಂತೆ. ನೀನೇ ಬಾ."

ಕಿಟ್ಟು ಅವಳ ಮುಖ ನೋಡಿದ. ನನ್ನನ್ನ ಕ್ಷಮಿಸಿದೆಯಾ ಎಂದು ಕೇಳಲು ಹೊರಟು, ಕೇಳಲಾರದೆ, ತೋಳಿನಿಂದ ಕಣ್ಣೊರೆಸಿಕೊಂಡ. ಎದ್ದು ಮೂಲೆಯಲ್ಲಿ ಬಿಟ್ಟಿದ್ದ ಚಪ್ಪಲಿಯನ್ನು ಕಾಲಿನಿಂದ ಹುಡುಕಿ ಮೆಟ್ಟಿಕೊಂಡ. ಆಮೇಲೆ ಅಕ್ಕ ಬಗ್ಗಬೇಕಾಗುತ್ತದೆಂದು, ತಾನೇ ಮುಂದೆ ಹೋಗಿ ಶಟರನ್ನು ಎರಡೂ ಕೈಯಿಂದ ಮೇಲಕ್ಕೆತ್ತಿ ಹಿಡಿದು ನಿಂತ.